ಅತ್ತೆ ಕೋಳಿಯನ್ನು ಕೊಯ್ದು ನೋಡಿದ ಬೆಳಿಗ್ಗೆ

ನಮ್ಮ ಅತ್ತೆ ಕೈ ತೊಳೆಯುವುದನ್ನು ನೀವು ಒಮ್ಮೆ ನೋಡಬೇಕು. ಮೊಣಕೈವರೆಗೆ ಸೋಪು, ಉಗುರಿನ ಸಂದಿಗೆ ಬೇರೆ ಬ್ರಷ್ಷು, ಆಮೇಲೆ ಮತ್ತೆ ಸೋಪು. ಹೆಂಡತಿಯ ತಾಯಿ ಅಲ್ಲವೇ, ಬಾಯಿಬಿಟ್ಟು ಹೇಳುವ ಹಾಗಿಲ್ಲ. ನೀರು ದಂಡ ಎಂದು ಒಳಗೊಳಗೇ ಗೊಣಗಿಕೊಳ್ಳುತ್ತಿದ್ದೆ.

ಅವರು ಮೂವತ್ತೊಂದು ವರ್ಷ ಪಶು ಆಸ್ಪತ್ರೆಯ ಪೋಸ್ಟ್‌ಮಾರ್ಟಂ ಕೋಣೆಯಲ್ಲಿ ಅಟೆಂಡರ್ ಆಗಿದ್ದವರು. ಡಾಕ್ಟರುಗಳು ಬಂದರು, ವರ್ಗವಾಗಿ ಹೋದರು. ಚಾಕು ಕೈಗೆ ಕೊಡುವುದು, ಮೇಜು ತೊಳೆಯುವುದು, ಬಕೆಟ್ಟಿಗೆ ಮುಚ್ಚಳ ಹಾಕುವುದು ಅತ್ತೆಯ ಪಾಲಿಗೆ ಉಳಿಯಿತು. ಕೊನೆಕೊನೆಗೆ ಹೊಸ ಡಾಕ್ಟರುಗಳು "ಇದು ಯಾತರಿಂದ ಸತ್ತಿರಬಹುದಮ್ಮಾ?" ಎಂದು ಇವರನ್ನೇ ಕೇಳುತ್ತಿದ್ದರಂತೆ. "ಕೊಯ್ದು ನೋಡೋಣ ಸರ್" ಎನ್ನುವುದು ಇವರ ಉತ್ತರ. ನಿವೃತ್ತಿಯಾದ ಮೇಲೆ ನಮ್ಮ ಮನೆಗೆ ಬರುವಾಗ ಎರಡು ಪೆಟ್ಟಿಗೆ ಬಟ್ಟೆ, ಒಂದು ಡಬ್ಬಿ ರಬ್ಬರ್ ಗ್ಲೌಸು ತಂದರು.

ನಾನು ದರ್ಜಿ. ಮುಂದಿನ ಕೋಣೆಯೇ ಅಂಗಡಿ, ಹಿಂದೆ ಹಿತ್ತಿಲು, ಹಿತ್ತಿಲಲ್ಲಿ ಐದು ಕೋಳಿ. ಅದರಲ್ಲೊಂದಕ್ಕೆ ಸೂಪರ್‌ವೈಸರ್ ಎಂದು ಹೆಸರಿಟ್ಟಿದ್ದೆ. ಹೊಲಿಗೆ ಯಂತ್ರದ ಹತ್ತಿರ ಬಂದು ಕತ್ತು ಓರೆ ಮಾಡಿ, ನನ್ನ ಕೆಲಸದಲ್ಲಿ ತಪ್ಪು ಹುಡುಕುವ ಹಾಗೆ ನಿಲ್ಲುತ್ತಿತ್ತು. ಅದಕ್ಕೆ ಇನ್ನೊಂದು ಚಟ, ಗೋಡೆ ಹಾರಿ ಪಕ್ಕದ ಮನೆಯ ಕಂಡಕ್ಟರ ಪಾಲಕ್ ಮಡಿ ಕೆದರುವುದು.

ಕಂಡಕ್ಟರ್ ಬಸ್ಸಿನಲ್ಲಿ ಸೀಟಿ ಊದಿ ನಿವೃತ್ತರಾದ ಒಂಟಿ ಮನುಷ್ಯ. ನಮ್ಮ ಮಗಳೂ ಸೇರಿ ಬೀದಿಯ ಆರು ಮಕ್ಕಳನ್ನು ದಿನಾ ಸಾಲಾಗಿ ಶಾಲೆಗೆ ನಡೆಸಿಕೊಂಡು ಹೋಗುತ್ತಿದ್ದರು. ತಿರುವು ಬಂದರೆ "ಹೋಲ್ಡಾನ್!", ರಸ್ತೆ ದಾಟುವಾಗ "ರೈಟ್ ರೈಟ್!" ಆ ಅರ್ಧ ಗಂಟೆಗಾಗಿ ಅವರು ಗಡ್ಡ ಹೆರೆದು ಇಸ್ತ್ರಿ ಅಂಗಿ ತೊಡುತ್ತಿದ್ದರು.

ಒಂದು ಭಾನುವಾರ ಅವರು ಗೋಡೆಯಾಚೆಯಿಂದ ಕೂಗಿದರು: "ಟೈಲರ್ರೇ, ನಿಮ್ಮ ಕೋಳಿ ಇನ್ನೊಂದ್ಸಲ ಈ ಕಡೆ ಬಂದ್ರೆ ಅದರ ಕಥೆ ಮುಗೀತು!" ಮಂಗಳವಾರ ಸೂಪರ್‌ವೈಸರ್ ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿಯಿತು. ಗುರುವಾರ ಬೆಳಿಗ್ಗೆ ಸತ್ತಿತ್ತು.

ನನಗೋ ಮೂಗಿನ ತುದಿಯಲ್ಲೇ ಕೋಪ. ಮಕ್ಕಳು ಸಾಲು ನಿಂತಿದ್ದ ಹೊತ್ತಿಗೆ ಸತ್ತ ಕೋಳಿಯನ್ನು ಹಿಡಿದುಕೊಂಡು ಬೀದಿಗಿಳಿದೆ. "ವಿಷ ಹಾಕೋ ಕೈಯಲ್ಲಿ ಮಕ್ಕಳ ಕೈ ಹಿಡೀತೀರಾ?" ಎಂದು ಅರಚಿದೆ. ತಾಯಂದಿರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಮಕ್ಕಳನ್ನು ಸಾಲಿನಿಂದ ಎಳೆದುಕೊಂಡರು. ಕಂಡಕ್ಟರ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಗ ನನಗೆ ಗೆದ್ದಷ್ಟು ಖುಷಿಯಾಗಿತ್ತು. ಈಗ ನೆನೆದರೆ ನಾಚಿಕೆಯಿಂದ ಮೈ ಹಿಡಿಯಷ್ಟಾಗುತ್ತದೆ.

ಕೋಳಿಯನ್ನು ಹಿತ್ತಿಲಲ್ಲಿಟ್ಟು, ಮಗಳನ್ನು ನಾನೇ ಶಾಲೆಗೆ ಬಿಟ್ಟು ಬಂದಾಗ ಅತ್ತೆ ಗ್ಲೌಸು ತೊಟ್ಟು ಹಿತ್ತಿಲಲ್ಲಿ ಕಾಯುತ್ತಿದ್ದರು. ನನಗೂ ಒಂದು ಜೊತೆ ಕೊಟ್ಟು, ಮೂಗಿಗೆ ಬಟ್ಟೆ ಕಟ್ಟಿಸಿದರು.

"ನಾನು ಪೊಲೀಸರಿಗೆ ಕಂಪ್ಲೇಂಟ್ ಕೊಡ್ತೀನಿ ಅತ್ತೆ."

"ಕೊಡಿ ಅಳಿಯಂದ್ರೇ. ಮೊದಲು ಕಾಲು ಹಿಡ್ಕೊಳ್ಳಿ."

"ನಿಮ್ಮದಾ?"

"ಕೋಳೀದು."

ಹಲಗೆಯ ಮೇಲೆ ಹಳೇ ಪೇಪರು ಹಾಸಿ, ಪುಕ್ಕ ಹಾರದಂತೆ ಸೋಪಿನ ನೀರಲ್ಲಿ ನೆನೆಸಿ, ಕೋಳಿಯನ್ನು ಅಂಗಾತ ಮಲಗಿಸಿದರು. ಕತ್ತರಿ ನನ್ನದೇ, ಮೊಂಡಾಗಿದ್ದ ಹಳೆಯದು. ಕೊಯ್ಯುತ್ತಾ ಒಂದೊಂದನ್ನೂ ತೋರಿಸಿದರು. "ಕತ್ತಿನ ಚೀಲ ನೋಡಿ, ಖಾಲಿ. ಎರಡು ದಿನದಿಂದ ಏನೂ ತಿಂದಿಲ್ಲ. ಲಿವರ್ ನೋಡಿ, ಬಣ್ಣ ಸರಿಯಾಗಿದೆ."

"ವಿಷ ಎಲ್ಲಿ?"

"ಎಲ್ಲಾ ವಿಷ ಕಣ್ಣಿಗೆ ಕಾಣಲ್ಲ. ಅದಕ್ಕೇ ಬೇರೇನಾದ್ರೂ ಇದೆಯಾ ಅಂತ ಪೂರ್ತಿ ನೋಡಬೇಕು."

ಕಾಳು ಅರೆಯುವ ಕಂದನಕಾಯಿಯ ಹತ್ತಿರ ಬಂದಾಗ ಅವರ ಕೈ ನಿಂತಿತು. ಸುತ್ತಲೂ ಕೀವು ಕಟ್ಟಿತ್ತು. ಅದರ ನಡುವೆ ಏನೋ ಚೂಪಾದದ್ದು ಹೊರಗೆ ಇಣುಕುತ್ತಿತ್ತು. ಅತ್ತೆ ಕತ್ತರಿಯನ್ನು ನನ್ನ ಕೈಗೆ ಕೊಟ್ಟರು. "ಇದನ್ನ ನೀವೇ ಬಿಡಿಸಿ."

ಬಿಡಿಸಿದೆ. ಮರಳು, ನಾಲ್ಕು ಕಾಳು, ನೀಲಿ ದಾರದ ಒಂದು ತುಂಡು, ಹಸಿರು ಮಣಿಯ ತಲೆಯಿದ್ದ ಒಂದು ಗುಂಡುಸೂಜಿ. ಅಂಥ ಸೂಜಿ ಇಡೀ ಬೀದಿಯಲ್ಲಿ ನನ್ನ ಹತ್ತಿರ ಮಾತ್ರ ಇರುವುದು. ದಿನಾ ಸಂಜೆ ಕತ್ತರಿಸುವ ಮೇಜಿನ ಹಾಸುಬಟ್ಟೆಯನ್ನು ಹಿತ್ತಿಲ ಬಾಗಿಲಲ್ಲಿ ನಿಂತು ಕೊಡವುವವನೂ ನಾನೇ. ಕೊಡವಿದ ಕೂಡಲೇ ಕೋಳಿಗಳು ಓಡಿ ಬರುತ್ತಿದ್ದವು. ಅವಕ್ಕೆ ನನ್ನ ಮೇಲೆ ಬಲು ಪ್ರೀತಿ ಎಂದುಕೊಂಡಿದ್ದೆ.

ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ಅತ್ತೆ ಬೈಯಲಿಲ್ಲ. "ಆಸ್ಪತ್ರೇಲಿ ಎಷ್ಟೋ ಜನ ಕಾರಣ ಗೊತ್ತಾದ್ಮೇಲೆ ಇನ್ನೂ ಜಾಸ್ತಿ ಅಳ್ತಿದ್ರು. ಆದ್ರೆ ಮನೆಗೆ ಹೋಗಿ ಉಳಿದಿದ್ದನ್ನ ಉಳಿಸ್ಕೊಳ್ತಿದ್ರು" ಎಂದರು. ಆಳವಾಗಿ ಗುಂಡಿ ತೋಡಿ, ಸುಣ್ಣ ಸುರಿದು ಹೂತೆವು. ಹಲಗೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದೆವು. ಆಮೇಲೆ ಮೊಣಕೈವರೆಗೆ ನನ್ನ ಕೈ ತೊಳೆಸಿ, "ನಾನು ಯಾರಿಗೂ ಹೇಳಲ್ಲ. ಹೇಳೋದು ನಿಮ್ಮ ಕೆಲಸ" ಎಂದರು.

ತೊಳೆದ ಸೂಜಿಯನ್ನು ಸಣ್ಣ ಶೀಶೆಯಲ್ಲಿ ಹಾಕಿಕೊಂಡು ಹೊರಟೆ. ಅರಚಲು ಅರ್ಧ ನಿಮಿಷ ಸಾಕಾಗಿತ್ತು. ಉಳಿದ ಐದು ಮಕ್ಕಳ ಮನೆ ತಿರುಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಒಬ್ಬ ತಾಯಿ "ಹಾಗಾದ್ರೆ ನಮ್ಮ ಬಟ್ಟೇಲೂ ಸೂಜಿ ಬಿಟ್ಟಿರ್ತೀರಾ?" ಎಂದು ಕೇಳಿದರು. ಕೇಳಲಿ, ಕೇಳುವಂಥದ್ದೇ.

ಕೊನೆಗೆ ಕಂಡಕ್ಟರ ಬಾಗಿಲು ತಟ್ಟಿದೆ. ಬೆಳಗಿನ ಇಸ್ತ್ರಿ ಅಂಗಿ ಇನ್ನೂ ಅವರ ಮೈಮೇಲೇ ಇತ್ತು.

"ತಪ್ಪಾಯ್ತು ಕಂಡಕ್ಟ್ರೇ. ಕೋಳಿ ಸತ್ತಿದ್ದು ನನ್ನ ಸೂಜಿಯಿಂದ. ಎಲ್ಲರ ಮನೇಲೂ ಹೇಳಿ ಬಂದೆ."

ಅವರು ಶೀಶೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ನಾಳೆ ಎಂಟಕ್ಕೆ ಮಗಳನ್ನ ರೆಡಿ ಮಾಡಿ" ಎಂದರು. ಆಮೇಲೆ ಮೆಲ್ಲಗೆ, "ನೀವು ಶಾಲೆ ಕಡೆ ಹೋದಾಗ ನಿಮ್ಮ ಅತ್ತೆ ಹಿಂದಿನ ಬಾಗಿಲಿಂದ ಬಂದಿದ್ರು."

"ಏನಂದ್ರು?"

"ವಿಷ ಹಾಕಿದ್ರಾ ಅಂತ ಕೇಳಿದ್ರು. ಇಲ್ಲ ಅಂದೆ. ಸರಿ, ಹಾಗಾದ್ರೆ ಕೊಯ್ದು ನೋಡ್ತೀನಿ ಅಂದ್ರು." ಶೀಶೆಯನ್ನು ನನ್ನ ಕೈಗೆ ವಾಪಸು ಕೊಟ್ಟರು. "ಟೈಲರ್ರೇ, ಇಡೀ ಬೀದೀಲಿ ನನ್ನನ್ನ ಕೇಳಿದೋರು ಅವರೊಬ್ಬರೇ."

ಮನೆಗೆ ಬಂದಾಗ ಅತ್ತೆ ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ನನ್ನ ಅಯಸ್ಕಾಂತವನ್ನು ಮಣ್ಣಿನ ಮೇಲೆ ಆಡಿಸುತ್ತಿದ್ದರು. ಬಟ್ಟಲಲ್ಲಿ ಆಗಲೇ ಹದಿನಾಲ್ಕು ಸೂಜಿ ಸೇರಿತ್ತು. ಉಳಿದ ನಾಲ್ಕು ಕೋಳಿಗಳು ಬುಟ್ಟಿಯ ಕೆಳಗಿಂದ ಗಲಾಟೆ ಮಾಡುತ್ತಿದ್ದವು. ನಾನೂ ಪಕ್ಕದಲ್ಲಿ ಕೂತೆ.

"ಅತ್ತೆ, ನೀವು ನಮ್ಮ ಮನೇಲಿರೋದು ನನ್ನ ಪುಣ್ಯ" ಎಂದೆ.

"ಆ ಮೂಲೆ ನೋಡಿ ಅಳಿಯಂದ್ರೇ, ಅಲ್ಲೇನೋ ಹೊಳೀತಿದೆ" ಎಂದರು.