ಅವ್ವನಿಗೆ ಓದಿ ಹೇಳದ ಹೆಸರು

ಮೊನ್ನೆ ಟಿ.ವಿ.ಯಲ್ಲಿ ಹಳೆಯ ತೆಲುಗು ಸಿನಿಮಾವೊಂದು ಶುರುವಾಯಿತು. ಹೆಸರುಗಳು ಬರುತ್ತಿದ್ದಂತೆ ನಾನು ರೂಢಿಯಂತೆ ಗಟ್ಟಿಯಾಗಿ ಓದತೊಡಗಿದೆ. "ಅತ್ತಿ, ನಮಗೂ ಓದಾಕ ಬರ್ತೈತಿ," ಎಂದಳು ಸೊಸೆ. ಅವಳದೇನೂ ತಪ್ಪಿಲ್ಲ ಬಿಡಿ. ನಾನು ಕುರುಗೋಡಿನಲ್ಲಿ ಟೀಚರಾಗಿದ್ದ ಕಾಲದಲ್ಲಿ ಬಳ್ಳಾರಿಗೆ ಸಿನಿಮಾಕ್ಕೆ ಹೋದರೆ, ಹೆಂಗಸರ ಕಡೆ ಕೂತವರಿಗೆಲ್ಲ ಹೆಸರು ಓದಿ ಹೇಳುವುದು ನನ್ನದೇ ಕೆಲಸ. "ಟೀಚರಮ್ಮ, ಏನ್ ಬರದಾರ ಓದ್ರಿ," ಎಂದು ಯಾರಾದರೂ ಅಂದರೆ ಸಾಕು, ಉಬ್ಬಿಹೋಗುತ್ತಿದ್ದೆ.

ನಮ್ಮಣ್ಣ ಮದರಾಸಿನಲ್ಲಿ ಸಿನಿಮಾ ನಿರ್ದೇಶಕನಾಗಿದ್ದ. ಸ್ಟುಡಿಯೋ ಕೆಲಸಗಾರರು ಮುಷ್ಕರ ಹೂಡಿದಾಗ ಅವರ ಪರವಾಗಿ ಮಾತಾಡಿದ. ಕಮ್ಯುನಿಸ್ಟರನ್ನು ಹುಡುಕಿ ಹಿಡಿಯುತ್ತಿದ್ದ ದಿನಗಳವು. ಇವನು ಯಾವ ಪಕ್ಷದವನೂ ಅಲ್ಲ, ಆದರೂ ಹೆಸರು ಕಮ್ಯುನಿಸ್ಟರ ಪಟ್ಟಿ ಸೇರಿತು. ಮತ್ತೆ ಯಾವ ಸ್ಟುಡಿಯೋದವರೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಟ್ರಂಕು ಹಿಡಿದು ಸಿರುಗುಪ್ಪಕ್ಕೆ, ಅವ್ವನ ಹತ್ತಿರ ಬಂದ.

ಕೆಲಸವಿಲ್ಲದ ನಿರ್ದೇಶಕ ಮನೆಯಲ್ಲಿದ್ದರೆ ಏನಾಗುತ್ತದೆ ಗೊತ್ತೆ? ಮನೆಯವರೆಲ್ಲ ನಟರಾಗಬೇಕಾಗುತ್ತದೆ. ದೇಶನೂರಿನ ಮಾವ ಅಕ್ಕಿ ಚೀಲ ಹೊತ್ತು ಬಂದರೆ, "ಮಾಮಾ, ಬಾಗಲದಾಗ ಒಂದೀಟು ನಿಂತು ಬರ್ರಿ, ಇನ್ನೊಮ್ಮೆ," ಎನ್ನುವನು. ಅವ್ವ ರೊಟ್ಟಿ ಬಡಿಯುತ್ತ, ಹೊಗೆಗೆ ನೀರಾಡಿದ ಕಣ್ಣನ್ನು ತೋಳಿಗೆ ಒರೆಸಿ, ಹಿಟ್ಟಿನ ಕೈಯಿಂದಲೇ ಕೂದಲು ಹಿಂದಕ್ಕೆ ತಳ್ಳುತ್ತಿದ್ದಳು. ಅದನ್ನೂ ನಾಲ್ಕು ನಾಲ್ಕು ಸಲ ಮಾಡಿಸಿದ. "ರೊಟ್ಟಿ ಹೊತ್ತಾಕತ್ತೈತಿ ಲೇ," ಎಂದು ಬೈಯುತ್ತಲೇ ಅವ್ವ ಮಾಡುತ್ತಿದ್ದಳು. ಆ ದಿನಗಳಲ್ಲಿ ಅವನು ನಗುತ್ತಿದ್ದುದು ಅಷ್ಟು ಹೊತ್ತು ಮಾತ್ರ.

ವರ್ಷದ ಮೇಲೆ ಮದರಾಸಿನ ಗೆಳೆಯನೊಬ್ಬ ಕರೆಸಿಕೊಂಡ. ಸಿನಿಮಾ ಅಣ್ಣ ಮಾಡಬೇಕು, ಹೆಸರು ಗೆಳೆಯನದು. ಗುಟ್ಟು ಹೊರಬಿದ್ದರೆ ಇಬ್ಬರಿಗೂ ಕೆಲಸವಿಲ್ಲ. "ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದು ಅಣ್ಣ ನನ್ನಿಂದ ಆಣೆ ಮಾಡಿಸಿಕೊಂಡ. ಅವ್ವನಿಗೆ ಮಗ ಸಿನಿಮಾ ಮಾಡಿದ್ದಷ್ಟೇ ಗೊತ್ತು, ಹೆಸರಿನ ಸಂಗತಿ ಗೊತ್ತಿರಲಿಲ್ಲ. ಅವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂಬುದು ನನ್ನ ತೀರ್ಮಾನ.

ಸಿನಿಮಾ ಬಳ್ಳಾರಿಗೆ ಬಂದಾಗ ಮಗನ ಹೆಸರು ಕೇಳಲೆಂದೇ ಅವ್ವ ಹೊಸ ಇಳಕಲ್ ಸೀರೆ ಉಟ್ಟು ಬಂದಳು. ಒಂದೊಂದೇ ಹೆಸರು ಓದುತ್ತ ಹೋದೆ. ಕೊನೆಗೆ ನಿರ್ದೇಶಕನದು ಬಂತು. ಗೆಳೆಯನ ಹೆಸರನ್ನೇ ಓದಿದೆ.

"ನಮ್ಮ ಹುಡುಗಂದು ಯಾಕ ಓದಲಿಲ್ಲ?"

"ಬರದಿಲ್ಲವ್ವ."

"ಹಂಗಾರ ಯಾರ್ದೋ ಸಿನಿಮಾಕ್ಕ ಕರ್ಕೊಂಡು ಬಂದಿ," ಎಂದು ಮುಖ ತಿರುಗಿಸಿ ಕೂತಳು.

ಅರ್ಧ ಸಿನಿಮಾ ಆಗಿತ್ತು. ನಾಯಕಿ ರೊಟ್ಟಿ ಬಡಿಯುತ್ತ ಕಣ್ಣನ್ನು ತೋಳಿಗೆ ಒರೆಸಿ, ಹಿಟ್ಟಿನ ಕೈಯಿಂದ ಕೂದಲು ತಳ್ಳಿದಳು. ಹೆಂಗಸರೆಲ್ಲ ಅಳುತ್ತಿದ್ದರೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ಇದು ಅವಂದ ಐತಿ," ಎಂದು ಪಿಸುಗುಟ್ಟಿದಳು.

"ಯಾರಿಗೂ ಹೇಳಬ್ಯಾಡವ್ವ, ಅವನಿಗೆ ತೊಂದ್ರಿ ಆಗ್ತೈತಿ."

"ನಾ ಯಾಕ ಹೇಳ್ಲಿ? ಆದ್ರ ನೀ ನನ್ನ ಕಿವ್ಯಾಗರ ಒಮ್ಮೆ ಅವನ ಹೆಸರು ಓದಬೇಕಿತ್ತು."

ಸಾಯುವ ತನಕ ಅವ್ವ ಆ ಗುಟ್ಟು ಬಿಟ್ಟುಕೊಡಲಿಲ್ಲ. ಅವಳನ್ನು ನಂಬಲಿಲ್ಲವಲ್ಲ ಎಂದು ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಮೊನ್ನೆ ಟಿ.ವಿ.ಯಲ್ಲಿ ಬಂದದ್ದು ಅದೇ ಸಿನಿಮಾ. ಈಗ ಅಣ್ಣನೂ ಇಲ್ಲ, ಹೆಸರು ಕೊಟ್ಟ ಆ ಪುಣ್ಯಾತ್ಮನೂ ಇಲ್ಲ. ಆಣೆಯನ್ನು ಇಲ್ಲಿಗೆ ಮುರಿಯುತ್ತಿದ್ದೇನೆ. ಅವ್ವಾ, ನಿರ್ದೇಶನ: ಸಿರುಗುಪ್ಪದ ಎರ್ರಿಸ್ವಾಮಿ.