ಹುಲ್ಲಿನ ಕರು ತೊಳೆದದ್ದು

ನಮ್ಮ ನರಸೀಪುರದ ಮನೆಯೊಳಗೆ ಫಿನಾಯಿಲ್ ಬರುವಂತಿಲ್ಲ. ಕೆಲಸದ ಸಾಕಮ್ಮ ಎಷ್ಟು ಗೊಣಗಿದರೂ ನೆಲಕ್ಕೆ ಉಪ್ಪುನೀರೇ ಗತಿ. ಇವತ್ತು ಬೆಳಿಗ್ಗೆ ಅವಳು ನನ್ನನ್ನು ಕೇಳದೆ ಒಂದು ಬಾಟಲಿ ತಂದು ಒರೆಸಿಬಿಟ್ಟಳು. ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬೀದಿಯಲ್ಲಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು, ಬೋರ್ಡಿನ ಮೇಲೆ ಮಿದುಳಿನ ಚಿತ್ರ ಬರೆದು ಯಾವ ಭಾಗಕ್ಕೆ ಯಾವ ಕೆಲಸ ಅಂತ ಗುರುತಿಸಿದವಳು, ಬರಿಗಾಲಲ್ಲಿ ಬೀದಿಯಲ್ಲಿ! ನಗಬೇಡಿ, ಕಾರಣ ಹೇಳುತ್ತೇನೆ.

ನನ್ನ ಮೊದಲ ಕೂಸು ಹುಟ್ಟಿದ ಹನ್ನೊಂದನೇ ದಿನ ತೀರಿಕೊಂಡಿತು. ಹೆಡತಲೆ ಎಂಬ ಹಳ್ಳಿಯಲ್ಲಿದ್ದ ಸೋದರತ್ತೆ ಬಂದು ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಎದೆಹಾಲು ಬತ್ತಲಿ ಎಂದು ದಿನವೂ ರವಿಕೆಯೊಳಗೆ ಮಲ್ಲಿಗೆ ಹೂವಿಟ್ಟು ಬಿಗಿಯಾಗಿ ಬಟ್ಟೆ ಕಟ್ಟುತ್ತಿದ್ದಳು.

ಅತ್ತೆಗಿದ್ದದ್ದು ಒಂದೇ ಎಮ್ಮೆ. ಅದರ ಹಾಲನ್ನು ಡೈರಿಗೆ ಹಾಕಿ ಬದುಕುತ್ತಿದ್ದಳು. ಅದರ ಕರುವೂ ಅದೇ ತಿಂಗಳು ಸತ್ತಿತ್ತು. ನೀವು ಹುಲ್ಲಿನ ಕರು ನೋಡಿದ್ದೀರೋ ಇಲ್ಲವೋ. ಸತ್ತ ಕರುವಿನ ಚರ್ಮ ಬಿಡಿಸಿ, ಉಪ್ಪು ತಿಕ್ಕಿ ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿಯುತ್ತಾರೆ. ಕಾಲಿಗೆ ನಾಲ್ಕು ಕೋಲು, ಕಣ್ಣಿರಬೇಕಾದಲ್ಲಿ ತೂತು. ಅದನ್ನು ಮುಂದೆ ನಿಲ್ಲಿಸಿದರೆ ಎಮ್ಮೆ ನೆಕ್ಕುತ್ತಾ ನೆಕ್ಕುತ್ತಾ ಹಾಲಿಳಿಸುತ್ತದೆ. ಮೊದಲ ದಿನ ನೋಡಿ ನನ್ನ ಮೈ ಜುಮ್ಮೆಂದಿತು.

"ಇದು ಮೋಸ ಅಲ್ವಾ ಅತ್ತೆ?" ಅಂದೆ.

"ಅದ್ಕ ಗೊತ್ತು ಕಣವ್ವ," ಅತ್ತೆ ಕರೆಯುತ್ತಲೇ ಅಂದಳು. "ಅದ್ರ ಕೆಚ್ಚಲ್ಗ ಗೊತ್ತಿಲ್ಲ."

ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿ ಟೀಚರಾದವಳು, ಕ್ರಿಮಿ ಕೀಟಗಳ ಶತ್ರು. ಹುಲ್ಲಿನ ಕರು ನಾರುತ್ತಿತ್ತು. ಅತ್ತೆ ಗದ್ದೆಗೆ ಹೋಗಿದ್ದಾಗ ಅದನ್ನು ಫಿನಾಯಿಲ್ ನೀರಲ್ಲಿ ಚೆನ್ನಾಗಿ ಉಜ್ಜಿ ಬಿಸಿಲಿಗಿಟ್ಟೆ. ಉಪಕಾರ ಮಾಡಿದೆನೆಂಬ ಹೆಮ್ಮೆ ಬೇರೆ.

ಸಂಜೆ ಎಮ್ಮೆ ಒಂದೇ ಸಲ ಮೂಸಿ ಹಿಂದಕ್ಕೆ ಸರಿಯಿತು. ಆಮೇಲೆ ಕೂಗತೊಡಗಿತು. ಕೊಟ್ಟಿಗೆಯ ಮೂಲೆ ಮೂಲೆ ನೋಡುತ್ತಾ, ಆಗತಾನೇ ಕರು ಸತ್ತ ಹಾಗೆ ಕೂಗಿತು.

"ಏನ್ ಮಾಡ್ಬುಟ್ಟವ್ವ," ಅತ್ತೆಗೆ ಅಳುವೇ ಬಂತು. "ನೀ ಕೊಳೆ ತೊಳೀಲಿಲ್ಲ, ಅದ್ರ ಕರಾನೇ ತೊಳ್ದಾಕ್ಬುಟ್ಟೆ."

ಎರಡು ದಿನ ಒಂದು ತೊಟ್ಟು ಹಾಲಿಲ್ಲ. ಕೆಚ್ಚಲು ಕಲ್ಲಾಯಿತು, ಮುಟ್ಟಿದರೆ ಒದೆಯುತ್ತಿತ್ತು. ಬಾವು ಬಂದರೆ ಎಮ್ಮೆಯೇ ಕೈಬಿಟ್ಟು ಹೋಗುತ್ತದೆಂದು ಅತ್ತೆ ಉಣ್ಣಲಿಲ್ಲ. ನನಗೆ ನಾಚಿಕೆಯಿಂದ ಸತ್ತುಹೋಗೋಣ ಅನ್ನಿಸಿತು.

ಮೂರನೇ ಬೆಳಿಗ್ಗೆ ನಾನೇ ಬೂಸಾ ಬಕೆಟ್ಟು ಹಿಡಿದು ಹತ್ತಿರ ಹೋದೆ. ಎಮ್ಮೆ ಬೂಸಾ ಮುಟ್ಟಲಿಲ್ಲ. ಕತ್ತು ಚಾಚಿ ನನ್ನ ಎದೆ ಮೂಸಿತು. ಬಹಳ ಹೊತ್ತು ಮೂಸಿತು. ಆಮೇಲೆ ನನ್ನ ಕತ್ತು, ಭುಜ, ತೋಳು ನೆಕ್ಕತೊಡಗಿತು. ಅದರ ಮೊಲೆಗಳಿಂದ ಹಾಲು ತಾನಾಗಿ ತೊಟ್ಟಿಕ್ಕಿತು.

"ಅಲ್ಲಾಡ್ಬ್ಯಾಡ," ಎಂದು ಪಿಸುಗುಟ್ಟಿ ಅತ್ತೆ ತಂಬಿಗೆ ಹಿಡಿದು ಕೂತಳು. ಸರ್ ಸರ್ ಎಂದು ಹಾಲು ಬೀಳುವ ಸದ್ದು. ಆ ಸದ್ದಿಗೆ ಸರಿಯಾಗಿ ನನ್ನ ಎದೆಯ ಮಲ್ಲಿಗೆ ಒದ್ದೆಯಾಯಿತು, ಕಟ್ಟಿದ ಬಟ್ಟೆ ನೆನೆದು ಹಾಲು ಹೊಟ್ಟೆಯ ಮೇಲೆ ಇಳಿಯಿತು. ನನಗೆ ಅಳು ಬರಲಿಲ್ಲ, ಭಯವಾಯಿತು. ನನ್ನೊಳಗೆ ಇನ್ನೊಬ್ಬಳಿದ್ದಳು. ಕೂಸು ಸತ್ತ ಸುದ್ದಿಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಅಂದಿನಿಂದ ದಿನಕ್ಕೆರಡು ಹೊತ್ತು ನಾನೇ ಕರುವಾಗಿ ನಿಂತೆ. ಎಮ್ಮೆಯ ಹಾಲು ಡೈರಿಗೆ ಹೋಯಿತು, ನನ್ನದು ಬತ್ತಲಿಲ್ಲ. ನಿಜ ಹೇಳಬೇಕೆಂದರೆ, ಆ ಒರಟು ನಾಲಿಗೆಗಾಗಿ ನಾನು ಹೊತ್ತು ಕಾಯುತ್ತಿದ್ದೆ. ಇದನ್ನು ಅತ್ತೆ ಗಮನಿಸಿದಳು. ಒಂದು ಮಧ್ಯಾಹ್ನ ನನ್ನ ಬಟ್ಟೆಯ ಚೀಲ ತುಂಬಿ, ಮನೆಗೆ ಹೋಗೆಂದು ನಂಜನಗೂಡಿನ ಬಸ್ಸಿಗೆ ಹತ್ತಿಸಿದಳು.

"ಎಮ್ಮೆ ಗತಿ ಏನತ್ತೆ?"

"ಇಬ್ರುದೂ ಬತ್ಬೇಕು ಕಣವ್ವ. ಓಗು," ಅಂದಳು. ಆ ಸೂಲಿನ ಹಾಲನ್ನು ನನಗೋಸ್ಕರ ಬಿಟ್ಟುಕೊಟ್ಟಳು. ನನಗೆ ಮತ್ತೆ ಮಕ್ಕಳಾಗಲಿಲ್ಲ. ಬೇರೆಯವರ ಕೂಸುಗಳನ್ನು ನಾನು ಎತ್ತಿಕೊಳ್ಳುವುದೂ ಇಲ್ಲ. ಸೊಂಟ ನೋವು ಅಂತ ನೆವ ಹೇಳುತ್ತೇನೆ.

ಇವತ್ತು ಹೀಗೆ ಬೀದಿಯಲ್ಲಿ ನಿಂತಿದ್ದಾಗ ಎದುರು ಮನೆಯ ಹುಡುಗಿ ಕೂಸಿಗೆ ಇಂಜೆಕ್ಷನ್ ಹಾಕಿಸಲು ಹೊರಟಿದ್ದಳು. "ಒಸಿ ಇಟ್ಕಳಿ ಮಿಸ್, ಬೀಗ ಹಾಕ್ಬುಟ್ಟು ಬತ್ತೀನಿ," ಎಂದು ನೆವ ಹೇಳಲೂ ಬಿಡದೆ ಕೈಗಿಟ್ಟಳು. ಕೂಸು ಮುಖ ಹೊರಳಿಸಿ, ಬಾಯಿ ತೆರೆದು, ನನ್ನ ಸೆರಗಿನಲ್ಲಿ ಹುಡುಕತೊಡಗಿತು. ಅರವತ್ತು ದಾಟಿದ ನನ್ನ ಎದೆ ಚುರ್ ಎಂದಿತು.

"ಇಲ್ಲೇನೂ ಇಲ್ಲ ಕಂದಾ," ಅಂದೆ. ಅದು ಹುಡುಕುತ್ತಲೇ ಇತ್ತು.

"ಕೊಡಿ ಮಿಸ್," ಎಂದು ಹುಡುಗಿ ಕೈ ಚಾಚಿದಳು. ಮೂರನೇ ಸಲ ಅಂದಾಗ ಕೊಟ್ಟೆ.