ಎರಡು ನೂಲಿನ ಸೀರೆ

ಅಕ್ಷರ ತಡವಾಗಿ ಕಲಿತವರಿಗೆ ಒಂದು ಕಾಯಿಲೆ ಬರುತ್ತದೆ. ಓದಿದ ಸಾಲೆಲ್ಲ ತಮಗಾಗಿಯೇ ಬರೆದದ್ದು ಅನ್ನಿಸತೊಡಗುತ್ತದೆ. ನನಗೆ ಅದು ಮೂವತ್ತೈದನೆಯ ವಯಸ್ಸಿನಲ್ಲಿ ಬಂತು. ಇಳಕಲ್ಲಿನ ನೇಕಾರ ನಾನು. ಕ್ರೈಸ್ತನಾಗಿ ಎರಡು ವರ್ಷವಾಗಿತ್ತು, ಓದಲು ಬಂದು ಆರು ತಿಂಗಳು. ಹುರುಪಿನಲ್ಲಿ ಮೋಶೆಯ ಧರ್ಮಶಾಸ್ತ್ರಕ್ಕೆ ಕೈ ಹಾಕಿದೆ. ಎರಡು ಬಗೆಯ ನೂಲು ಬೆರೆತ ಬಟ್ಟೆ ಉಡಬಾರದು ಎಂದು ಅಲ್ಲೊಂದು ಕಡೆ ಇತ್ತು.

ಇಳಕಲ್ ಸೀರೆಯೆಂದರೆ ಮೈಯೆಲ್ಲ ಹತ್ತಿ, ಸೆರಗು ರೇಷ್ಮೆ. ನಮ್ಮ ಹಿರಿಯರು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು ಈ ಬೆರಕೆಯನ್ನೇ. ನಾನು ಮಗ್ಗದಿಂದ ಎದ್ದುಬಿಟ್ಟೆ.

ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿತ್ತು. ಪಕ್ಕದ ಮನೆಯ, ರೇಷ್ಮೆಗೆ ಬಣ್ಣ ಹಾಕುವ ಹುಸೇನಸಾಬನ ಮಗಳ ಲಗ್ನದ್ದು.

"ಉಡಬಾರದು ಅಂತೈತೋ, ನೇಯಬಾರದು ಅಂತೈತೋ?" ಎಂದು ಕೇಳಿದಳು ಹೆಂಡತಿ ಮಾರ್ತವ್ವ.

"ಉಡಬಾರದು ಅಂತ."

"ಮತ್ತ ನೀವೇನು ಸೀರಿ ಉಡ್ತೀರೇನ್ರಿ?"

 ನನಗೆ ಸಿಟ್ಟು ಬಂತು. ನಾಲ್ಕು ದಿನ ಮಗ್ಗ ಮುಟ್ಟಲಿಲ್ಲ. ಹುಸೇನಸಾಬ ಎರಡು ಸಲ ಬಂದು, ಬಾಗಿಲಲ್ಲಿ ನಿಂತು, ಸದ್ದಿಲ್ಲದ ಮಗ್ಗದ ಮೇಲಿನ ಅರ್ಧ ಸೀರೆ ನೋಡಿ ಹೋದ. ಅದು ನನಗೆ ಮಾರ್ತವ್ವನ ಪ್ರಶ್ನೆಗಿಂತ ಹೆಚ್ಚು ಚುಚ್ಚಿತು.

ಶನಿವಾರ ಬೆಳಗ್ಗೆ ಹುನಗುಂದಕ್ಕೆ ನಡೆದೆ. ನಮ್ಮ ಮುದಿ ಉಪದೇಶಿಗಳು ಅಲ್ಲಿ ತಮ್ಮ ಮನೆಯ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಎಲ್ಲ ಕೇಳಿಕೊಂಡು ಹೇಳಿದರು:

"ಶಾಸ್ತ್ರದಾಗ ಇನ್ನೊಂದು ಕಡೆ ಕುರಿ ಉಣ್ಣಿ, ನಾರಿನ ನೂಲು ಬೆರಸಬಾರದು ಅಂತ ಬಿಡಿಸಿ ಬರದೈತಿ. ನಿಂದು ಹತ್ತಿ, ರೇಷ್ಮಿ."

"ಹಂಗಾದ್ರ ನಾ ಪಾರಾದ್ನೇನ್ರಿ?"

"ಹಂಗ ಸಂದಿ ಹುಡುಕಿ ಪಾರಾಗಬ್ಯಾಡ. ಅವು ಆ ಕಾಲಕ್ಕ ಆ ಜನಕ್ಕ ಕೊಟ್ಟ ಕಟ್ಟಳಿ. ಎಲ್ಲಾದಕ್ಕಿಂತ ದೊಡ್ಡ ಆಜ್ಞಾ ಯಾವುದು ಅಂತ ಕೇಳಿದಾಗ ಸ್ವಾಮಿ ಏನಂದ? ದೇವರನ್ನ ಪ್ರೀತಿಸು, ನೆರಿಯವನನ್ನ ನಿನ್ನಂಗ ಪ್ರೀತಿಸು ಅಂದ. ಆ ಸೀರಿ ಯಾರದು?"

"ನೆರಿಮನಿಯವಂದು."

"ಲಗ್ನ ಯಾವಾಗ?"

"ಗುರುವಾರ."

"ಮತ್ತ ಇಲ್ಲೇನು ಮಾಡಾಕತ್ತೀ?"

ಬಂದ ದಾರಿಯಲ್ಲೇ ಓಡಿದೆನೆನ್ನಬೇಕು. ಆದರೆ ಒಂದು ಕಟ್ಟಳೆ ಪಾಲಿಸಲು ಹೋಗಿ ಕಳೆದ ನಾಲ್ಕು ದಿನ, ಈಗ ಇನ್ನೊಂದನ್ನು ಮುರಿಯುವಂತೆ ಮಾಡಿದವು. ಕೆಲಸ ಮಾಡಬಾರದ ಸಬ್ಬತ್ ದಿನವಾದ ಭಾನುವಾರವೂ ನೇಯದೆ ಸೀರೆ ಮುಗಿಯುವಂತಿರಲಿಲ್ಲ. ಅಂದೇ ಉಪದೇಶಿಗಳು ಇಳಕಲ್ಲಿಗೆ ಪ್ರಾರ್ಥನೆ ನಡೆಸಲು ಬರುವವರು. ಮಾರ್ತವ್ವ ಹೋದಳು, ನಾನು ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂತೆ.

ಪ್ರಾರ್ಥನೆ ಮುಗಿಸಿ ಅವರು ನೇರ ನಮ್ಮ ಮನೆಗೇ ಬಂದರು. ಲಾಳಿ ಹಿಡಿದ ಕೈ ನಿಂತಿತು. ಕುಣಿಯಲ್ಲಿದ್ದ ನನ್ನನ್ನು ಮೇಲಿನಿಂದ ನೋಡಿದರು.

"ಸಬ್ಬತ್ ದಿನ ಕುರಿ ಕುಣ್ಯಾಗ ಬಿದ್ರ ಎತ್ತಬೇಕು ಅಂತ ಸ್ವಾಮಿ ಹೇಳ್ಯಾನ. ಈ ಕುರಿ ತಾನ ಇಳದೈತೆಲ್ಲೋ!"

ಅಂದವರು ಕೋಟು ಬಿಚ್ಚಿಟ್ಟು, ಮಾರ್ತವ್ವನ ರಾಟೆಯ ಮುಂದೆ ಕೂತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತತೊಡಗಿದರು. ಸಂಜೆಯವರೆಗೂ ಏಳಲಿಲ್ಲ.

ಸೀರೆ ಬುಧವಾರ ಮಗ್ಗದಿಂದ ಇಳಿಯಿತು. ಹುಸೇನಸಾಬ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇನ್ನ ಆಗೂದಿಲ್ಲ ಅಂತ ಮಾಡಿದ್ದೆ ನೋಡಪಾ" ಅಂದ. ನಾನು ತಲೆ ತಗ್ಗಿಸಿದೆ.

ಮರುತಿಂಗಳು ಉಪದೇಶಿಗಳು ಸಿಕ್ಕಾಗ ಕೇಳಿದರು, "ನಾ ಸುತ್ತಿದ ಕಂಡಿಕಿ ಉಪಯೋಗಕ್ಕ ಬಂದುವೇನೋ?"

ಪುಣ್ಯಾತ್ಮರು ಸುತ್ತಿದ್ದೆಲ್ಲ ಸಡಿಲ. ಗಂಡ ಹೆಂಡತಿ ಸೇರಿ ಎಲ್ಲವನ್ನೂ ಬಿಚ್ಚಿ ಮತ್ತೆ ಸುತ್ತಿದ್ದೆವು. ಸುಳ್ಳು ಹೇಳಬಾರದೆಂಬ ಆಜ್ಞೆ ನನಗೆ ಬಾಯಿಪಾಠ. ಅವರ ಮುಖ ನೋಡಿದೆ.

"ಭಾಳ ಉಪಯೋಗ ಆದುವ್ರಿ," ಅಂದೆ.